ಹೊಳೆಗಿಳಿಯಲು ವೇಲ್ಸ್‌ಗೆ ಹೋದೆ

ಹೊಸಪೇಟೆ ಬಿಡುವ ಮುಂಚೆ

ಟಿ.ಬಿ. ಡ್ಯಾಂನ ಕಾಲುವೆ ಆಫೀಸಿನಲ್ಲಿ ಮೂವತ್ತೈದು ವರ್ಷ ಕೂತು ನಾನು ಮಾಡಿದ ಕೆಲಸ ಹೆಚ್ಚೂ ಕಡಿಮೆ ಒಂದೇ. ಬೆಳಿಗ್ಗೆ ಎಷ್ಟು ಅಡಿ ನೀರು, ಸಂಜೆ ಎಷ್ಟು ಅಡಿ ನೀರು, ಒಳಹರಿವು ಎಷ್ಟು, ಹೊರಹರಿವು ಎಷ್ಟು ಅಂತ ಬರೆಯುವುದು. ತುಂಗಭದ್ರೆಯ ನಾಡಿ ನನಗೆ ಬಾಯಿಪಾಠ. ಆದರೆ ಆ ಹೊಳೆಯಲ್ಲಿ ಮೊಣಕಾಲಿಗಿಂತ ಮೇಲೆ ನಾನು ಇಳಿದವಳಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರೆ. ನನಗೆ ಎರಡೂ ಇದ್ದವು, ಬಾಯಿ ತೆರೆಯುವ ಧೈರ್ಯ ಇರಲಿಲ್ಲ ಅಷ್ಟೆ.

ಇದಕ್ಕೆ ಕಾರಣ ಹೇಳದೆ ಪ್ರವಾಸದ ಕಥೆ ಹೇಳಿದರೆ ಅರ್ಧ ಸುಳ್ಳಾಗುತ್ತದೆ. ನನ್ನ ತವರು ಬುಕ್ಕಸಾಗರ, ನಮ್ಮಪ್ಪ ಆ ಊರಿನ ಗೌಡ. ಹೊಳೆಯ ಈಚೆ ನಮ್ಮ ಮನೆ, ಆಚೆ ನಮ್ಮ ಭತ್ತದ ಗದ್ದೆ. ಆಗ ಸೇತುವೆ ಇರಲಿಲ್ಲ. ನಾಟಿಯ ಆಳುಗಳನ್ನು ಹರಿಗೋಲಿನಲ್ಲಿ ದಾಟಿಸುತ್ತಿದ್ದವರು ಒಬ್ಬ ಅಂಬಿಗರು. ಅವರ ಮಗಳು ಹುಲಿಗಿ. ನನಗೂ ಅವಳಿಗೂ ಹನ್ನೆರಡು ವರ್ಷ. ಅವಳು ಅಪ್ಪನ ಜೊತೆ ಕೂತು ಹುಟ್ಟು ಹಾಕುವುದನ್ನು ಮೆಟ್ಟಿಲ ಮೇಲಿಂದ ನೋಡುವುದೇ ನನ್ನ ಕೆಲಸ. ನನಗೂ ಕಲಿಸು ಅಂತ ಒಂದು ತಿಂಗಳು ಅವಳ ಬೆನ್ನು ಬಿದ್ದೆ. ಒಂದು ಮಧ್ಯಾಹ್ನ ದೊಡ್ಡವರೆಲ್ಲ ಊಟಕ್ಕೆ ಕೂತಾಗ ಅವಳು ನನ್ನನ್ನು ಹತ್ತಿಸಿಕೊಂಡಳು. ನಡುಹೊಳೆಯಲ್ಲಿ ಹುಟ್ಟನ್ನು ನನ್ನ ಕೈಗೆ ಕೊಟ್ಟಳು. ಹತ್ತು ಸಲ ಎಳೆದಿರಬೇಕು. ಹರಿಗೋಲು ಗರಗರ ತಿರುಗಿತು, ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ದಡಕ್ಕೆ ಬಂದಾಗ ನಮ್ಮಪ್ಪ ಬಾರುಕೋಲು ಹಿಡಿದು ನಿಂತಿದ್ದ. ನಾನು ಒಂದೇ ಮಾತು ಹೇಳಿದೆ: ಹುಲಿಗೀನೇ ನನ್ನ ಎಳಕೊಂಡು ಹೋದ್ಲು. ಹುಲಿಗಿ ನನ್ನ ಮುಖ ನೋಡಿದಳು, ಅಲ್ಲ ಅನ್ನಲಿಲ್ಲ. ವಾರದೊಳಗೆ ಅಪ್ಪ ದಾಟಿಸುವ ಕೆಲಸವನ್ನು ಬೇರೆಯವರಿಗೆ ಕೊಟ್ಟ. ಹುಲಿಗಿಯ ಮನೆಯವರು ಗಂಟುಮೂಟೆ ಕಟ್ಟಿಕೊಂಡು ಕಂಪ್ಲಿಗೆ ಹೋದರು.

ಹೊಸಪೇಟೆಯಿಂದ ಕಂಪ್ಲಿಗೆ ಬಸ್ಸಿನಲ್ಲಿ ತಾಸಿನ ದಾರಿ. ನಲವತ್ತೊಂಬತ್ತು ವರ್ಷದಲ್ಲಿ ನಾನು ಒಂದು ಸಲವೂ ಅವಳನ್ನು ಹುಡುಕಿಕೊಂಡು ಹೋಗಲಿಲ್ಲ. ಹೋಗಬೇಕು ಅನ್ನಿಸದ ವರ್ಷವೂ ಇರಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ಇಷ್ಟರಲ್ಲಿ ನನಗೆ ನಿವೃತ್ತಿಯಾಯಿತು. ಇಂಗ್ಲೆಂಡಿನ ಮಗ್ಗುಲಿನ ವೇಲ್ಸ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ತಂಗಿಯ ಮಗಳು ಸುಷ್ಮಾ, ಎರಡು ತಿಂಗಳು ಬಂದು ಇರು ದೊಡ್ಡಮ್ಮ ಅಂತ ಟಿಕೆಟ್ ಕಳಿಸಿದಳು. ನಮ್ಮ ಯಜಮಾನರು ನಿವೃತ್ತ ಮೇಷ್ಟ್ರು. ಏನೇನು ಮಾಡಬಾರದು ಅಂತ ಮೂರು ಪುಟ ಬರೆದುಕೊಟ್ಟರು. ಅದರಲ್ಲಿ ನೀರಿನ ಸುದ್ದಿ ಇರಲಿಲ್ಲ. ನಾನು ನೀರಿಗಿಳಿಯಬಹುದು ಅಂತ ಅವರಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಸುಷ್ಮಾಳ ಮನೆ

ಮೊದಲ ವಾರ ನಾನು ಆ ಮನೆಯ ಕುಕ್ಕರಿನ ತಳ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದೆ. ಸುಷ್ಮಾ ಬೆಳಿಗ್ಗೆ ಹೋದರೆ ಸಂಜೆಗೆ ಬರುವಳು. ಕಿಟಕಿಯ ಹೊರಗೆ ಮಳೆ. ನಮ್ಮ ಕಡೆಯ ಮಳೆಗೆ ಬಂದೆ, ಹೋದೆ ಅನ್ನುವ ಗತ್ತಿದೆ. ಇಲ್ಲಿಯದು ಜರಡಿ ಹಿಡಿದ ಹಾಗೆ ಇಡೀ ದಿನ ಉದುರುತ್ತದೆ, ಯಾರೂ ಅದಕ್ಕೆ ಮರ್ಯಾದೆ ಕೊಡುವುದಿಲ್ಲ. ನೆನೆಯುತ್ತಲೇ ನಿಂತು ನಾಯಿಯನ್ನು ಮಾತಾಡಿಸುತ್ತಾರೆ. ಮೊದಲು ನಾಯಿಗೆ ನಮಸ್ಕಾರ, ಆಮೇಲೆ ಅದರ ಯಜಮಾನನಿಗೆ.

ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳುತ್ತಾರೆ. ನಮ್ಮ ಕಂಪ್ಲಿ ಬಸ್ಸಿನ ಡ್ರೈವರ್‌ಗೆ ಹಾಗೆ ಹೇಳಿದರೆ ಏನೋ ಬಿಟ್ಟು ಇಳಿದಿರಬೇಕು ಅಂದುಕೊಂಡು ಸೀಟಿನ ಕೆಳಗೆ ಹುಡುಕಿಯಾನು.

ಎರಡನೆಯ ವಾರ ಸುಷ್ಮಾಗೆ ನನ್ನ ಕುಕ್ಕರ್ ಸೇವೆ ನೋಡಿ ಸಾಕಾಯಿತು. ಆಸ್ಪತ್ರೆಯ ಗೆಳತಿಯೊಬ್ಬಳಿಂದ ಒಂದು ಸುದ್ದಿ ತಂದಳು. ಊರಿನ ಕೆಲವು ಹೆಂಗಸರು ಶನಿವಾರ ಶನಿವಾರ ಸೇರುತ್ತಾರಂತೆ. ಗುಡ್ಡ ಹತ್ತುವುದು, ನಕ್ಷೆ ನೋಡಿ ದಾರಿ ಹಿಡಿಯುವುದು, ಬೆಂಕಿ ಹೊತ್ತಿಸುವುದು, ಡೇರೆ ಹಾಕುವುದು, ದೋಣಿ ನಡೆಸುವುದು, ಇವನ್ನೆಲ್ಲ ಬೇರೆ ಹೆಂಗಸರಿಗೆ ಕಲಿಸುತ್ತಾರಂತೆ. ದೋಣಿ ಅನ್ನುವ ಮಾತು ಕಿವಿಗೆ ಬಿದ್ದಾಗ ತಿಕ್ಕುತ್ತಿದ್ದ ಕುಕ್ಕರನ್ನು ಕೆಳಗಿಟ್ಟೆ. ನನಗ್ಯಾಕ, ಈ ವಯಸ್ಸಿನಾಗ ಅವೆಲ್ಲ ಬ್ಯಾಡ ಅಂದೆ.

"ದೊಡ್ಡಮ್ಮ, ಹೆಸರು ಬರಸೇನಿ. ಬೂಟು ತಂದೇನಿ. ಇನ್ನ ನೀನ ಹೋಗದು ಒಂದ ಬಾಕಿ" ಅಂದಳು ಸುಷ್ಮಾ.

ಗುಡ್ಡದ ಶನಿವಾರ

ಕಲಿಸುವವರಲ್ಲಿ ಹಿರಿಯರು ಗ್ಲೆನಿಸ್ ಅಂತ. ಅರವತ್ತೇಳು ವರ್ಷ, ಬಸ್ ಓಡಿಸಿ ನಿವೃತ್ತರಾದವರು. ಅಲ್ಲಿ ಎಲ್ಲರೂ ಎಲ್ಲರನ್ನೂ ಬರೀ ಹೆಸರಿಟ್ಟು ಕರೆಯುತ್ತಾರೆ. ನನ್ನ ನಾಲಿಗೆ ಏಳಲಿಲ್ಲ. ಗ್ಲೆನಿಸಮ್ಮ ಅಂದೆ. ಅಮ್ಮ ಅಂದರೆ ಏನು ಅಂತ ಕೇಳಿ ತಿಳಿದುಕೊಂಡು, ಆಮೇಲೆ ಬೇರೆ ಯಾರಾದರೂ ಬರೀ ಗ್ಲೆನಿಸ್ ಅಂದರೆ ನನ್ನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದರು.

ಹತ್ತಿದ ಗುಡ್ಡ ಹಸಿರೋ ಹಸಿರು, ತುಂಬ ಕುರಿಗಳು. ಸೊಂಡೂರಿನ ಗುಡ್ಡಗಳು ನೆನಪಾದವು. ಅವೂ ಮಳೆಗಾಲದಲ್ಲಿ ಹೀಗೇ ಹಸಿರಾಗುತ್ತವೆ, ಆದರೆ ಮೈ ಕೆರೆದರೆ ಕೆಂಪು. ಅದಿರಿನ ಲಾರಿ ಹೋದ ಮೇಲೆ ದಾರಿಯ ಬದಿಯ ಎಲೆಗಳೂ ಕೆಂಪು. ಇಲ್ಲಿ ಕುರಿಗೂ ಧೂಳು ಹತ್ತಿರಲಿಲ್ಲ. ಹಂಪಿಯಲ್ಲಿ ಬಿಳಿಯ ಹುಡುಗಿಯರು ಬಿದ್ದರೆ ಇರಲಿ ಅಂತ ಬೆನ್ನಿಗೆ ಹಾಸಿಗೆ ಕಟ್ಟಿಕೊಂಡು ಬಂಡೆ ಹತ್ತಲು ಹೋಗುವುದನ್ನು ನೋಡಿ, ಮಾಡಕ್ಕ ಕೆಲಸ ಇಲ್ಲ ಇವಕ್ಕ ಅಂತ ನಾವು ನಗುತ್ತಿದ್ದೆವು. ಈಗ ನಾನೇ ಬೂಟು ಹಾಕಿಕೊಂಡು ಏದುಸಿರು ಬಿಡುತ್ತಿದ್ದೆ, ಕುರಿಗಳು ನೋಡುತ್ತಿದ್ದವು.

ನಕ್ಷೆ ಕೈಗೆ ಕೊಟ್ಟಾಗ ಮಾತ್ರ ನನಗೆ ಕೋಡು ಮೂಡಿತು. ಮಟ್ಟದ ಗೆರೆಗಳು! ಕಾಲುವೆ ಆಫೀಸಿನ ಗೋಡೆಯ ಮೇಲೆ ಹಗಲೆಲ್ಲ ನೋಡಿದ್ದು ಅವನ್ನೇ. ಎಲ್ಲಿ ಏರು, ಎಲ್ಲಿ ಇಳಿಜಾರು ಅಂತ ಬೆರಳಿಟ್ಟು ತೋರಿಸಿದೆ. ಬೆಂಕಿಯ ಪಾಠದಲ್ಲೂ ಅಷ್ಟೆ. ಉಳಿದವರು ಉಕ್ಕಿನ ಕಡ್ಡಿ ಉಜ್ಜಿ ಕಿಡಿ ಹಾರಿಸುವಷ್ಟರಲ್ಲಿ ನಾನು ಹಸಿ ಕಟ್ಟಿಗೆಯ ತೊಗಟೆ ಕಿತ್ತು, ಒಳಗಿನ ಒಣ ಸಿಗುರು ತೆಗೆದು, ಒಂದು ಕಿಡಿ ಬೀಳಿಸಿ, ಮೊಣಕಾಲೂರಿ ಊದಿ ಹೊತ್ತಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಊರಲ್ಲಿ ಒಲೆ ಹೊತ್ತಿಸಿದ ಹೆಂಗಸರಿಗೆಲ್ಲ ಚಪ್ಪಾಳೆ ತಟ್ಟುವುದಾದರೆ ಅಂಗೈ ಉಳಿಯುತ್ತಿರಲಿಲ್ಲ.

ಚಹಾ ಕುಡಿಯುತ್ತಾ, ನಿಮಗೆ ನಾವು ಏನು ಕೊಡಬೇಕು ಅಂತ ಗ್ಲೆನಿಸಮ್ಮನನ್ನು ಕೇಳಿದೆ. ಕಲಿಸುವವರು ಏನೂ ತೆಗೆದುಕೊಳ್ಳುವ ಹಾಗಿಲ್ಲ ಅಂದರು. ಅವರಲ್ಲಿ ಒಂದೇ ಕಟ್ಟಳೆ. ಕಲಿತವಳು ಇನ್ನೊಬ್ಬ ಹೆಂಗಸಿಗೆ ಒಂದಾದರೂ ಕಲಿಸಬೇಕು. ಗ್ಲೆನಿಸಮ್ಮನಿಗೆ ಐವತ್ತೈದನೆಯ ವಯಸ್ಸಿನಲ್ಲಿ ದೋಣಿ ಕಲಿಸಿದ್ದು ಊರಿನ ಅಂಚೆಯವಳಂತೆ. ಅವಳಿಗೆ ಕಲಿಸಿದವಳು ಇನ್ನೊಬ್ಬಳು. ಆ ಸಾಲು ಎಲ್ಲಿಂದ ಶುರುವಾಯಿತೋ ಯಾರಿಗೂ ಗೊತ್ತಿಲ್ಲವಂತೆ.

ನನಗೆ ಹುಲಿಗಿ ನೆನಪಾದಳು. ಅವಳೂ ಏನೂ ಕೇಳದೆ ಕಲಿಸಲು ಬಂದವಳೇ.

ಟೈವಿ ದಂಡೆ

ಮೂರನೆಯ ಶನಿವಾರ ಟೈವಿ ಅನ್ನುವ ಹೊಳೆಯ ದಂಡೆಗೆ ಹೋದೆವು. ಹೊಳೆ ಅಂದರೆ ನಮ್ಮ ದೊಡ್ಡ ಕಾಲುವೆಯಷ್ಟು ಅಗಲ, ಚಹಾದ ಬಣ್ಣದ ನೀರು. ರಬ್ಬರಿನ ದೋಣಿಯೋ ಪ್ಲಾಸ್ಟಿಕ್ಕಿನ ದೋಣಿಯೋ ಇರುತ್ತದೆ ಅಂದುಕೊಂಡಿದ್ದೆ. ಗ್ಲೆನಿಸಮ್ಮ ಕಾರಿನ ಹಿಂದಿನಿಂದ ಏನನ್ನೋ ಬೆನ್ನಿಗೆ ಹೊತ್ತುಕೊಂಡು ದೊಡ್ಡ ಆಮೆಯ ಹಾಗೆ ಬಂದರು. ಕೆಳಗಿಟ್ಟು ತಿರುಗಿಸಿದರು. ಹೆಣೆದ ಬುಟ್ಟಿ, ಹೊರಗೆ ಡಾಂಬರು ಬಳಿದ ಬಟ್ಟೆ. ನಮ್ಮ ಹರಿಗೋಲು!

ಏಳು ಸಮುದ್ರ ದಾಟಿ ಬಂದಿದ್ದೇನೆ, ಇದೂ ಹಿಂದೆಯೇ ಬಂದಿದೆ ಅನ್ನಿಸಿತು. ಈ ಕಡೆಯ ಮೀನುಗಾರರು ತಲೆತಲಾಂತರದಿಂದ ಇದರಲ್ಲೇ ಮೀನು ಹಿಡಿಯುತ್ತಿದ್ದರಂತೆ. ವ್ಯತ್ಯಾಸ ಒಂದೇ. ನಮ್ಮದರಲ್ಲಿ ಎಂಟು ಹತ್ತು ಜನ, ಒಂದು ಸೈಕಲ್, ಎರಡು ಆಡು ಹಿಡಿಸುತ್ತವೆ. ಇವರದು ಒಬ್ಬರಿಗೆ ಮಾತ್ರ, ನಡುವೆ ಅಡ್ಡ ಹಲಗೆ. ನಾನು ಅದರ ಅಂಚನ್ನು ಮುಟ್ಟಿ ಮುಟ್ಟಿ ನೋಡಿದೆ. ನಿನಗೆ ಇದು ಗೊತ್ತಾ ಅಂತ ಗ್ಲೆನಿಸಮ್ಮ ಕೇಳಿದರು. ಗೊತ್ತು ಅಂದೆ. ಜಂಬವೂ ಇತ್ತು. ಹಾಗಾದರೆ ಮೊದಲು ನೀನೇ ಹತ್ತು ಅಂದರು.

ತೇಲುವ ಜಾಕೆಟ್ ತೊಡಿಸಿದರು. ನಡುವೆ ಕಾಲಿಡು, ಮೆಲ್ಲಗೆ ಕೂರು, ಅಲುಗಬೇಡ ಅಂದರು. ಇಟ್ಟೆ, ಕೂತೆ. ನಮ್ಮಲ್ಲಿ ಹರಿಗೋಲು ಹತ್ತಿದ ಮೇಲೆ ಮೊದಲು ಏನು ಮಾಡುತ್ತೇವೆ? ಅಂಚಿನಿಂದ ಬಗ್ಗಿ ಬೊಗಸೆ ನೀರು ತೆಗೆದು ಕಣ್ಣಿಗೊತ್ತಿಕೊಂಡು ಗಂಗವ್ವಗೆ ಕೈ ಮುಗಿಯುತ್ತೇವೆ. ನಾನೂ ಬಗ್ಗಿದೆ. ಎಂಟು ಜನರ ಹರಿಗೋಲಿನಲ್ಲಿ ಅದು ಭಕ್ತಿ. ಒಬ್ಬರ ಹರಿಗೋಲಿನಲ್ಲಿ ಅದು ಪಲ್ಟಿ. ಬುಟ್ಟಿ ನನ್ನನ್ನು ಕವುಚಿ ಹಾಕಿ ತಾನು ಹಾಯಾಗಿ ತೇಲಿಕೊಂಡು ಹೋಯಿತು.

ನೀರು ಎದೆಮಟ್ಟ. ಮೂಳೆಗಿಳಿಯುವ ಚಳಿ. ಕಾಲು ಊರಿ ಎದ್ದು ನಿಂತೆ. ದಡದಲ್ಲಿದ್ದವರು ಓಡಿ ಬಂದರು. ನನಗೆ ಮಾತ್ರ ಮೇಲೆ ಬರಲು ಮನಸ್ಸಾಗಲಿಲ್ಲ. ಅರವತ್ತೊಂದು ವರ್ಷದಲ್ಲಿ ಮೊದಲ ಸಲ ಹೊಳೆಯೊಂದು ನನ್ನ ಎದೆಯವರೆಗೆ ಬಂದಿತ್ತು, ಮತ್ತು ಅದು ನನ್ನ ಹೊಳೆಯಾಗಿರಲಿಲ್ಲ. ಅಲ್ಲೇ ನಿಂತು ಅತ್ತೆ. ಚಳಿಗೆ ಹೀಗಾಗುತ್ತಿದೆ ಅಂದುಕೊಂಡು ಗ್ಲೆನಿಸಮ್ಮ ಕಂಬಳಿ ಹೊದಿಸಿದರು.

ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತಾಗ ಅವರಿಗೆ ಎಲ್ಲ ಹೇಳಿದೆ. ಆಫೀಸಿನ ಇಂಗ್ಲಿಷ್ ನನ್ನದು. ಅಣೆಕಟ್ಟಿನ ಬಿರುಕಿನ ಬಗ್ಗೆ ಪತ್ರ ಬರೆಯಬಲ್ಲೆ, ಹುಲಿಗಿಯ ಬಗ್ಗೆ ಹೇಳಲು ಶಬ್ದ ಸಿಗಲಿಲ್ಲ. ಹೇಗೋ ಹೇಳಿದೆ. ಯಾರಿಗೂ, ನಮ್ಮ ಯಜಮಾನರಿಗೂ ಹೇಳದ ಮಾತು ಅದು. ಗ್ಲೆನಿಸಮ್ಮ, ಅವಳು ಬದುಕಿದ್ದಾಳಾ ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಅವಳ ಊರು ಎಷ್ಟು ದೂರ ಅಂತ ಕೇಳಿದರು. ಬಸ್ಸಿನಲ್ಲಿ ಒಂದು ತಾಸು ಅಂದಾಗ ನನಗೇ ನಾಚಿಕೆಯಾಯಿತು.

ಆಮೇಲಿನ ಶನಿವಾರಗಳಲ್ಲಿ ಅವರು ಹೊಸದೊಂದು ನೇಮ ಮಾಡಿದರು. ಹೊಳೆಯ ಜೊತೆ ಯಾರಿಗೆ ಏನು ಮಾತುಕತೆ ಇದ್ದರೂ ಹತ್ತುವ ಮೊದಲು ದಡದಲ್ಲೇ ಮುಗಿಸಬೇಕು.

ಕೊನೆಯ ಶನಿವಾರ

ಹರಿಗೋಲು ನಡೆಸಲು ಕಲಿಯಲು ಐದು ಶನಿವಾರ ಹಿಡಿಯಿತು. ಹುಟ್ಟನ್ನು ಬದಿಗಲ್ಲ, ಮುಂದಕ್ಕೆ ಚಾಚಿ ಎಂಟರ ಅಂಕಿ ಬರೆದ ಹಾಗೆ ಆಡಿಸಬೇಕು. ಬರೆಯುವುದು ನನ್ನ ಜನ್ಮದ ಕೆಲಸವಲ್ಲವೇ, ಕೈಗೆ ಕೂತಿತು. ಹೊರಡುವ ಹಿಂದಿನ ಶನಿವಾರ ನಾನೊಬ್ಬಳೇ ಟೈವಿಯನ್ನು ಈ ದಡದಿಂದ ಆ ದಡಕ್ಕೆ ದಾಟಿದೆ. ಆಚೆ ಇಳಿದು, ಒದ್ದೆ ಹುಲ್ಲಿನ ಮೇಲೆ ನಿಂತು ತಿರುಗಿ ನೋಡಿ ಕೈ ಬೀಸಿದೆ. ಗ್ಲೆನಿಸಮ್ಮ ಎರಡೂ ಕೈ ಎತ್ತಿ ಬೀಸಿದರು. ನಾನು ಬೀಸಿದ್ದು ಅವರಿಗಲ್ಲ. ಎದುರು ದಡದ ಅಷ್ಟು ಹೆಂಗಸರ ನಡುವೆ ನನಗೆ ಬೇಕಾಗಿದ್ದವಳು ಒಬ್ಬಳೇ, ಅವಳು ಅಲ್ಲಿರಲಿಲ್ಲ. ಸಂತೋಷ ಅಷ್ಟು ಖಾಲಿ ಖಾಲಿ ಇರಬಹುದು ಅಂತ ನನಗೆ ಗೊತ್ತಿರಲಿಲ್ಲ.

ಕಟ್ಟಳೆಯ ಪ್ರಕಾರ ನಾನು ಒಬ್ಬರಿಗೆ ಕಲಿಸಬೇಕಿತ್ತು. ಅವತ್ತು ಹೊಸದಾಗಿ ಬಂದಿದ್ದ ಒಬ್ಬ ಸಣ್ಣ ವಯಸ್ಸಿನ ತಾಯಿಗೆ ಬೆಂಕಿ ಹೊತ್ತಿಸುವುದನ್ನು ಹೇಳಿಕೊಡುತ್ತೇನೆ ಅಂತ ಗ್ಲೆನಿಸಮ್ಮನಿಗೆ ಹೇಳಿದೆ. ಅವರು ಒಪ್ಪಲಿಲ್ಲ. ಬೆಂಕಿ ನೀನು ಇಲ್ಲಿ ಕಲಿತದ್ದಲ್ಲ, ಕಲಿತದ್ದನ್ನು ಕಲಿಸು, ಅದೂ ಇಲ್ಲಿ ಬೇಡ ಅಂದರು.

ಕಂಪ್ಲಿ

ಊರಿಗೆ ಬಂದಾಗ ಜೂನ್ ಮುಗಿಯುತ್ತಿತ್ತು. ಹಳೆಯ ಆಫೀಸಿಗೆ ಫೋನ್ ಮಾಡಿ ನೀರಿನ ಮಟ್ಟ ಕೇಳಿದೆ. ಡ್ಯಾಂನಿಂದ ಹೊಳೆಗೆ ನೀರು ಬಿಡಲು ಇನ್ನೂ ಎರಡು ಮೂರು ವಾರ ಇತ್ತು, ಅಲ್ಲಿಯವರೆಗೆ ಹರಿಗೋಲಿಗೆ ಭಯವಿಲ್ಲ. ಮರುದಿನವೇ ಕಂಪ್ಲಿ ಬಸ್ಸು ಹತ್ತಿದೆ. ಇಳಿಯುವಾಗ ಬಾಯಿತಪ್ಪಿ ಥ್ಯಾಂಕ್ಸ್ ಅಂದೆ. ಡ್ರೈವರ್ ನನ್ನನ್ನು ಅನುಮಾನದಿಂದ ನೋಡಿದ.

ಮೀನು ಮಾರುವವರ ಹತ್ತಿರ ಬುಕ್ಕಸಾಗರದಿಂದ ಬಂದ ಅಂಬಿಗರ ಮನೆ ಕೇಳಿದೆ. ಹುಲಿಗೆಮ್ಮನಾ, ಸೇತುವೆ ಹತ್ರ ಮಂಡಕ್ಕಿ ಒಗ್ಗರಣಿ, ಮಿರ್ಚಿ ಮಾಡ್ತಾಳಲ್ರಿ ಅಂದರು. ಇಷ್ಟು ಸುಲಭವಾಗಿತ್ತು. ನಲವತ್ತೊಂಬತ್ತು ವರ್ಷದಲ್ಲಿ ನಾನು ಕೇಳಬೇಕಾಗಿದ್ದದ್ದು ಒಂದು ಪ್ರಶ್ನೆ.

ಬಾಣಲೆಯ ಮುಂದೆ ಕೂತವಳ ತಲೆ ಪೂರ್ತಿ ಬೆಳ್ಳಗಾಗಿತ್ತು. ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದವಳು ಅವಳ ಮಗಳು ರೇಣುಕಾ ಅಂತ ಆಮೇಲೆ ಗೊತ್ತಾಯಿತು. ನಾನು ಬುಕ್ಕಸಾಗರದ ಪೂರ್ಣಿ ಅಂದೆ. ಅವಳು ನನ್ನನ್ನು ಒಂದು ಸಲ ನೋಡಿ, ಎಣ್ಣೆಯಲ್ಲಿದ್ದ ಮಿರ್ಚಿ ಬಜ್ಜಿಗಳನ್ನು ಒಂದೊಂದಾಗಿ ತಿರುವಿ ಹಾಕಿದಳು. ಆಮೇಲೆ, ಕುಂದ್ರಿ ಅಂದಳು. ನನ್ನನ್ನು ಲೇ ಪೂರ್ಣಿ ಅನ್ನುತ್ತಿದ್ದವಳು. ಆ ಮರ್ಯಾದೆ ನನಗೆ ಬಾರುಕೋಲಿನ ಹಾಗೆ ಬಿತ್ತು.

ಬೆಂಚಿನ ತುದಿಗೆ ಕೂತೆ.

"ಅವತ್ತು ಸುಳ್ಳು ಹೇಳಿದ್ದು ನಾನು, ಹುಲಿಗಿ."

"ಗೊತ್ತೈತ್ರಿ" ಅಂದಳು. "ನಾನೂ ಅಲ್ಲೇ ನಿಂತಿದ್ನಲ್ಲ."

ಗಿರಾಕಿಗಳು ಬಂದರು, ಹೋದರು. ಅವರ ನಡುವೆ ಅವಳು ತುಂಡು ತುಂಡಾಗಿ ಹೇಳಿದಳು. ಅವರಪ್ಪ ಇಲ್ಲಿಗೆ ಬಂದು ಹರಿಗೋಲು ಮಾರಿ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತನಂತೆ. ಹೆಣ್ಣುಮಕ್ಕಳು ಹುಟ್ಟು ಮುಟ್ಟಕೂಡದು ಅಂದನಂತೆ. ಹೊಳೆ ಬಿಟ್ಟಿದ್ದು ಅವನಿಗೆ ಭಾಳ ಹತ್ತಿತು ಅಂದಳು. ತನಗೇನಾಯಿತು ಅಂತ ಹೇಳಲಿಲ್ಲ. ಅಣ್ಣನ ಮಗ ಈಗ ಮತ್ತೆ ಮೀನು ಹಿಡಿಯುತ್ತಾನೆ, ಅವನ ಹತ್ತಿರ ಹರಿಗೋಲಿದೆ. ಹುಲಿಗಿ ಮಾತ್ರ ಹನ್ನೆರಡರ ಮೇಲೆ ಹರಿಗೋಲು ಹತ್ತಿಲ್ಲ. ನನ್ನಿಂದ.

ಕಲಿಸಲು ಬಂದವಳ ಕೈಯಿಂದಲೇ ನಾನು ವಿದ್ಯೆ ಕಿತ್ತುಕೊಂಡಿದ್ದೆ. ಬಾ ಹುಲಿಗಿ, ಈಗ ನನಗೆ ಸ್ವಲ್ಪ ಬರುತ್ತದೆ, ಇಬ್ಬರೂ ಹೋಗೋಣ ಅಂತ ಕೇಳಿಕೊಂಡೆ. ಗೌಡರ ಮಗಳು ಅಂಬಿಗರ ಮಗಳಿಗೆ ಹುಟ್ಟು ಹಾಕೋದು ಕಲಸ್ತಾಳಂತ ಅಂದು ಮೊದಲ ಸಲ ನಕ್ಕಳು. ನಗುತ್ತಲೇ ತಲೆಯಾಡಿಸಿದಳು. ಅವಳಿಗೆ ಇನ್ನು ಹೊಳೆ ಬೇಡವಂತೆ. ನಾನು ಮತ್ತೆ ಕೇಳುವ ಮೊದಲು ರೇಣುಕಾ ಈಳಿಗೆಮಣೆ ಸರಿಸಿ, ತಾನು ಬರುತ್ತೇನೆ ಅಂದಳು. ಮೂವತ್ತೈದು ವರ್ಷ ಹೊಳೆಯ ಪಕ್ಕದಲ್ಲೇ ಇದ್ದು ಒಂದು ಸಲವೂ ಇಳಿದಿಲ್ಲವಂತೆ. ಹುಲಿಗಿ ಮಗಳನ್ನು ನೋಡಿದಳು, ಬೇಡ ಅನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಹಳೆಯ ಆಫೀಸಿನಿಂದ ಕೇಳಿ ತಂದ ಎರಡು ತೇಲುವ ಜಾಕೆಟ್ ಹಿಡಿದು ಕಂಪ್ಲಿ ಕೋಟೆಯ ಕೆಳಗಿನ ದಡಕ್ಕೆ ಹೋದೆ. ಹುಲಿಗಿಯ ಅಣ್ಣನ ಮಗ ತನ್ನ ಹರಿಗೋಲು ಬಿಟ್ಟು ಹೋಗಿದ್ದ. ಅಂಗಡಿ ಮುಚ್ಚಿ ಹುಲಿಗಿಯೂ ಬಂದಿದ್ದಳು. ಹರಿಗೋಲನ್ನು ಬೋರಲು ಹಾಕಿಸಿ, ತಳದ ಡಾಂಬರನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಒಂದು ಕಡೆ ಎರಡು ಸಲ ಒತ್ತಿದಳು. ಆಮೇಲೆ ನೀರಿಗಿಡಿ ಅಂತ ಸನ್ನೆ ಮಾಡಿದಳು. ನಾನು ಹತ್ತಿ ಕೂತು, ಇನ್ನೊಬ್ಬರಿಗೆ ಜಾಗ ಬಿಟ್ಟು, ಬಾ ಅಂತ ಅವಳ ಕಡೆಗೆ ಕೈ ಚಾಚಿದೆ. ಅವಳು ಆ ಕೈಯೊಳಗೆ ಮಗಳ ಕೈ ಇಟ್ಟಳು.

ಸೇತುವೆಯ ಮೇಲೆ ಆಗಲೇ ನಾಲ್ಕು ಜನ ನಿಂತು ಬಗ್ಗಿ ನೋಡುತ್ತಿದ್ದರು. ರೇಣುಕಾ ಒಂದು ಕಾಲು ಒಳಗಿಟ್ಟು ನಿಂತುಬಿಟ್ಟಳು. ಊರಾಗ ಕೇಳಿದ್ರ ಏನ್ ಹೇಳ್ಲಿ ಅಂತ ಅವ್ವನನ್ನು ಕೇಳಿದಳು.

"ನಾನ ಹತ್ತೀನಿ ಅನ್ನು" ಅಂದಳು ಹುಲಿಗಿ. "ಯಾರೂ ಎಳಕೊಂಡು ಹೋಗಿಲ್ಲ ಅನ್ನು."

ಹೇಳಿದ್ದು ಮಗಳಿಗೆ. ನನ್ನ ಕಡೆ ನೋಡಲೂ ಇಲ್ಲ. ಹನ್ನೆರಡು ವರ್ಷದ ನನ್ನ ಬಾಯಲ್ಲಿ ಆ ಎರಡು ಮಾತು ಬಂದಿದ್ದರೆ ಸಾಕಿತ್ತು, ಇವತ್ತು ಅವಳು ಈ ಹರಿಗೋಲಿನಲ್ಲಿ ಇರುತ್ತಿದ್ದಳು. ರೇಣುಕಾ ಹತ್ತಿ ಕೂತಳು. ಹುಲಿಗಿ ಸೀರೆ ಎತ್ತಿ ಕಟ್ಟಿ, ಮೊಣಕಾಲುಮಟ್ಟದ ನೀರಿನವರೆಗೆ ಬಂದು, ಎರಡೂ ಕೈಯಿಂದ ನಮ್ಮನ್ನು ಹೊಳೆಗೆ ತಳ್ಳಿ ಅಲ್ಲೇ ನಿಂತಳು.